3000 ರೂಪಾಯಿಯಲ್ಲಿ ಕಾಲೇಜಿಗೆ ಬಟ್ಟೆ: ಊರಿನ ಟೈಲರ್ ಹೊಲಿದ ಪ್ಯಾಂಟು ಬಿಡಬೇಕಾ?

ತುಂಗಭದ್ರಾ_ದಂಡೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯವನು. ಬೆಂಗಳೂರಿನಲ್ಲಿ ಬಿಕಾಂ ಮೊದಲ ವರ್ಷ, ಹಾಸ್ಟೆಲ್ ವಾಸ. ಪಿಯುಸಿ ಮುಗಿಯುವವರೆಗೆ ಯೂನಿಫಾರ್ಮ್ ಇತ್ತು, ಹಬ್ಬಕ್ಕೊಂದು ಜೊತೆ ಹೊಸ ಬಟ್ಟೆ, ಅಷ್ಟೇ. ಬೆಳಿಗ್ಗೆ ಎದ್ದು ಇವತ್ತು ಏನು ಹಾಕಿಕೊಳ್ಳಲಿ ಅಂತ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಈಗ ದಿನಾ ಅದೇ ತಲೆನೋವು.

ನನ್ನ ಟ್ರಂಕಿನಲ್ಲಿ ಇರುವುದೆಲ್ಲ ನಮ್ಮೂರಿನ ಟೈಲರ್ ಕಾಕಾ ಹೊಲಿದದ್ದು. ಮದುವೆಗಳಲ್ಲಿ ಆಯೇರಿಗೆ ಬಂದ ಪ್ಯಾಂಟ್ ಪೀಸು, ಶರ್ಟ್ ಪೀಸುಗಳನ್ನು ಅವ್ವ ಎತ್ತಿಟ್ಟಿದ್ದಳು, ನಾನು ಬೆಂಗಳೂರಿಗೆ ಹೊರಟಾಗ ಎಲ್ಲವನ್ನೂ ಒಟ್ಟಿಗೆ ಹೊಲಿಸಿ ಕೊಟ್ಟಳು. ಬೂದು, ಕಂದು, ಕಡುನೀಲಿ ಪ್ಯಾಂಟುಗಳು. ಮುಂದೆ ಎರಡೆರಡು ಪ್ಲೀಟ್ಸ್, ಸೊಂಟ ಹೊಕ್ಕಳ ಹತ್ತಿರಕ್ಕೆ ಬರುತ್ತದೆ, ಕಾಲು ಸಡಿಲ. ಶರ್ಟು ಗೆರೆಯದು, ಇಲ್ಲವೇ ಚೌಕಡಿ. ಕ್ಲಾಸಿನಲ್ಲಿ ಇಬ್ಬರು ಮೂವರು ನನಗೆ ‘ಸರ್, ಅಟೆಂಡೆನ್ಸ್ ಹಾಕಿ ಸರ್’ ಅನ್ನುತ್ತಾರೆ. ಲೆಕ್ಚರರ್ ಥರ ಕಾಣುತ್ತೀಯ ಅಂತ ತಮಾಷೆ. ಕೆಟ್ಟವರೇನಲ್ಲ, ಊಟಕ್ಕೆ ಜೊತೆಗೇ ಕೂರುತ್ತೇವೆ. ಆದರೂ ದಿನಾ ಕೇಳಿಸಿಕೊಳ್ಳುವುದು ಬೇಜಾರು.

ಉಳಿದವರೆಲ್ಲ ದೊಗಳೆ ಜೀನ್ಸು, ಮೊಣಕೈವರೆಗೆ ತೋಳು ಇಳಿಯುವ ಟೀ ಶರ್ಟು, ಬಿಳಿ ಶೂ. ಅಪ್ಪ ಭತ್ತದ ದುಡ್ಡು ಬಂದ ಮೇಲೆ 3000 ಕಳಿಸುತ್ತೇನೆ ಅಂದಿದ್ದಾರೆ. ಅದರಲ್ಲೇ ಶೂ ಕೂಡ ಆಗಬೇಕು. ಸೋಮವಾರ ಫಾರ್ಮಲ್ಸ್ ಕಡ್ಡಾಯ, ಹರಿದ ಜೀನ್ಸು ಯಾವತ್ತೂ ಬೇಡ, ಇವು ನಮ್ಮ ಕಾಲೇಜಿನ ನಿಯಮ.

ಏನೇನು ತಗೊಳ್ಳಲಿ? ಎಲ್ಲಿ? ಈ ಹಳೆ ಪ್ಯಾಂಟುಗಳನ್ನು ಊರಿಗೆ ವಾಪಸ್ ಒಯ್ದು ತಮ್ಮನಿಗೆ ಕೊಟ್ಟುಬಿಡಲಾ? ಇನ್ನೊಂದು ವಿಷಯ, ಮುಂದಿನ ತಿಂಗಳು ಎಥ್ನಿಕ್ ಡೇ ಇದೆ. ಹುಡುಗರೆಲ್ಲ ಕುರ್ತಾ, ಶೇರ್ವಾನಿ ಬಾಡಿಗೆಗೆ ತರುತ್ತಾರಂತೆ. ಅದಕ್ಕೂ ದುಡ್ಡು ಎತ್ತಿಡಬೇಕಾ?


ಟೈಲರ್_ಮಗಳು:

ತಮ್ಮಾ, ಆ ಪ್ಯಾಂಟುಗಳನ್ನು ಯಾರಿಗೂ ಕೊಡಬೇಡ. ಮೊದಲು ಇದನ್ನು ಪೂರ್ತಿ ಓದು.

ಮುಂದೆ ಎರಡು ಪ್ಲೀಟ್ಸ್, ಎತ್ತರದ ಸೊಂಟ, ಸಡಿಲ ಕಾಲು. ಇದನ್ನೇ ಈಗ ‘ಕೊರಿಯನ್ ಪ್ಯಾಂಟ್’ ಅಂತ ಆನ್‌ಲೈನಿನಲ್ಲಿ ಸಾವಿರ, ಸಾವಿರದೈನೂರಕ್ಕೆ ಮಾರುತ್ತಿದ್ದಾರೆ. ನಿನ್ನನ್ನು ಸರ್ ಅನ್ನುವ ಹುಡುಗರ ಫೋನ್ ತೆಗೆದು ನೋಡು, ವಿಶ್‌ಲಿಸ್ಟಿನಲ್ಲಿ ಅದೇ ಇರುತ್ತದೆ. ನಿಮ್ಮ ಟೈಲರ್ ಕಾಕಾ ಫ್ಯಾಷನ್ ನೋಡಿ ಹೊಲಿದಿಲ್ಲ, ತಾವು ಕಲಿತ ಕಟಿಂಗ್ ಬಿಟ್ಟಿಲ್ಲ ಅಷ್ಟೇ. ಈಗ ಫ್ಯಾಷನ್ನೇ ಅವರ ಅಂಗಡಿ ಮುಂದೆ ಬಂದು ನಿಂತಿದೆ.

ಹಾಗಾದರೆ ನೀನು ಮೇಷ್ಟ್ರ ಥರ ಕಾಣುವುದು ಯಾಕೆ? ಪ್ಯಾಂಟಿನ ಫೋಟೋ ಹಾಕಿಲ್ಲ, ಆದರೂ ಇವುಗಳಲ್ಲಿ ಎರಡಾದರೂ ಇರಲೇಬೇಕು. ಒಂದು, ಮುಂದೆ ಕತ್ತಿಯಂಥ ಗೆರೆ ಬರುವ ಹಾಗೆ ಇಸ್ತ್ರಿ ಹಾಕುತ್ತೀಯ. ಆ ಗೆರೆ ತೆಗೆ. ಟೆರಿಕಾಟ್ ಆದರೆ ಸುಲಭಕ್ಕೆ ಹೋಗುವುದಿಲ್ಲ, ಮೇಲೆ ಒದ್ದೆ ಕರ್ಚೀಫ್ ಹಾಸಿ ಬಟ್ಟೆಯನ್ನು ಚಪ್ಪಟೆಯಾಗಿ ಹರಡಿ ಇಸ್ತ್ರಿ ಮಾಡು, ಎರಡು ಮೂರು ಒಗೆತ ಆದಮೇಲೆ ಹೋಗುತ್ತದೆ. ಇನ್ನೊಂದು, ಉದ್ದ. ಊರಲ್ಲಿ ಚಪ್ಪಲಿ ಹಾಕಿಕೊಂಡು ಅಳತೆ ಕೊಟ್ಟಿರುತ್ತೀಯ, ಪ್ಯಾಂಟು ಹಿಮ್ಮಡಿಗಿಂತ ಮೇಲೇ ನಿಂತಿರುತ್ತದೆ. ಸಡಿಲ ಕಾಲಿನ ಪ್ಯಾಂಟು ಗಿಡ್ಡ ಆದರೆ ಚೆನ್ನಾಗಿ ಕಾಣುವುದಿಲ್ಲ, ಶೂ ಮೇಲೆ ಒಂದು ಮಡಿಕೆ ಬಿದ್ದು ಕೂರಬೇಕು. ಆಮೇಲೆ ಶರ್ಟು. ಚೌಕಡಿ ಶರ್ಟನ್ನು ಇನ್ ಮಾಡಿ, ಅಗಲ ಬೆಲ್ಟ್ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿದರೆ ಪಾಪ ಅವರಾದರೂ ಏನು ಕರೆಯಬೇಕು ಹೇಳು!

ಊರಿನ ಟೈಲರ್ ಹೊಲಿದ ಬಟ್ಟೆಯ ದೊಡ್ಡ ಲಾಭ ಏನು ಗೊತ್ತಾ? ಒಳಗೆ ಬಟ್ಟೆ ಬಿಟ್ಟಿರುತ್ತಾರೆ. ಕಾಲಿನ ತುದಿಯ ಒಳಮಡಿಕೆ ತಿರುಗಿಸಿ ನೋಡು, ಎರಡು ಇಂಚಾದರೂ ಇರುತ್ತದೆ. ಹಿಂದೆ ಸೀಟಿನ ಹೊಲಿಗೆಯಲ್ಲೂ ಇಂಚು ಇಂಚೂವರೆ ಮಾರ್ಜಿನ್ ಇರುತ್ತದೆ, ಹುಡುಗ ಬೆಳೆಯುತ್ತಾನೆ ಅಂತ. ಅಂಗಡಿಯ ರೆಡಿಮೇಡ್ ಪ್ಯಾಂಟು ಬಿಚ್ಚಿ ನೋಡಿದರೆ ಕಾಲಿಂಚು, ಅರ್ಧ ಇಂಚು ಇದ್ದರೆ ದೊಡ್ಡದು. ದಪ್ಪ ಆದರೆ ಬಿಸಾಡು ಅಂತಲೇ ಲೆಕ್ಕ.

ಹಾಸ್ಟೆಲ್ ಹತ್ತಿರ ಒಂದು ಆಲ್ಟರೇಶನ್ ಅಂಗಡಿ ಹುಡುಕು. ಮೆಟ್ಟಿಲ ಕೆಳಗೆ ಒಂದೇ ಮೆಷಿನ್ ಇಟ್ಟುಕೊಂಡು ಕೂತಿರುತ್ತಾರಲ್ಲ, ಅಂಥದ್ದು. ಉದ್ದ ಬಿಡಿಸುವುದಕ್ಕೆ 50ರಿಂದ 100, ಸೊಂಟಕ್ಕೆ ಸ್ವಲ್ಪ ಜಾಸ್ತಿ ಕೇಳಬಹುದು. ಯಾವ ಶೂ ಹಾಕುತ್ತೀಯೋ ಅದನ್ನೇ ಹಾಕಿಕೊಂಡು ಹೋಗಿ ಅಳತೆ ಕೊಡು. ಅವರು ಪಿನ್ ಚುಚ್ಚುವಾಗ ಬಗ್ಗಿ ನೋಡಬೇಡ, ಬಗ್ಗಿದರೆ ಪ್ಯಾಂಟು ಮೇಲೇರುತ್ತದೆ, ಅಳತೆ ತಪ್ಪುತ್ತದೆ. ನೆಟ್ಟಗೆ ನಿಂತು ಎದುರಿನ ಗೋಡೆ ನೋಡು. ನಮ್ಮಪ್ಪ ದಿನಕ್ಕೆ ಹತ್ತು ಜನಕ್ಕಾದರೂ ಇದನ್ನು ಹೇಳುತ್ತಾರೆ, ಹತ್ತು ಜನವೂ ಬಗ್ಗುತ್ತಾರೆ.

ಚೌಕಡಿ ಶರ್ಟುಗಳನ್ನು ಗುಂಡಿ ಬಿಚ್ಚಿ, ಒಳಗೆ ಬಿಳಿ ಅಥವಾ ಕಪ್ಪು ಟೀ ಶರ್ಟು ಹಾಕಿ, ತೋಳು ಮಡಚಿ ಹಾಕಿಕೋ. ಖರ್ಚಿಲ್ಲ.


ಸುಮ್ನೆ_ಓದುವವ:

‘ಸರ್’ ಅಂದಾಗ ಸುಮ್ನೆ ಒಂದು ದಿನ ನಿಜವಾಗಲೂ ಅಟೆಂಡೆನ್ಸ್ ತಗೊಂಡುಬಿಡು. ಅರ್ಧ ಕ್ಲಾಸು ಎದ್ದು ನಿಲ್ಲುತ್ತದೆ.


ಕೌಲ್_ಬಜಾರ್:

ಜೀನ್ಸ್ ಅಂದ ಮೇಲೆ ಬಳ್ಳಾರಿಯವರು ಬಾಯಿ ಹಾಕದೆ ಇದ್ದರೆ ಹೆಂಗ್ರೀ! ನಮ್ಮ ಮನೆಯಲ್ಲಿ ಕಟಿಂಗ್, ಸ್ಟಿಚಿಂಗ್ ಎರಡೂ ಇದೆ. ನಮ್ಮ ಓಣಿಯಲ್ಲಿ ನಡೆದುಹೋದರೆ ಮನೆಮನೆಯಿಂದ ಮೆಷಿನ್ ಸದ್ದು ಕೇಳುತ್ತದೆ. ಒಬ್ಬರ ಮನೆಯಲ್ಲಿ ಜೇಬು ಮಾತ್ರ, ಇನ್ನೊಬ್ಬರ ಮನೆಯಲ್ಲಿ ಬೆಲ್ಟ್ ಪಟ್ಟಿ, ಮತ್ತೊಂದು ಕಡೆ ಕಾಜಾ ಗುಂಡಿ. ಆಮೇಲೆ ಗಂಟು ಕಟ್ಟಿ ವಾಷಿಂಗ್ ಯೂನಿಟ್ಟಿಗೆ. ಬೆಂಗಳೂರಿನಲ್ಲಿ ಹೆಸರಿಲ್ಲದ ಜೀನ್ಸು 600, 700ಕ್ಕೆ ಕಂಡರೆ ಅದು ನಮ್ಮೂರಿನದೂ ಇರಬಹುದು.

ಅಂಗಡಿಗೆ ಹೋದಾಗ ಹೀಗೆ ನೋಡು ತಮ್ಮಾ.

ಮೊದಲು ಒಳಗಿನ ಮಗ್ಗುಲು ತಿರುಗಿಸು. ಡೆನಿಮ್‌ನಲ್ಲಿ ಉದ್ದದ ಎಳೆಗೆ ನೀಲಿ ಬಣ್ಣ ಇರುತ್ತದೆ, ಅಡ್ಡ ಎಳೆ ಬಿಳಿ. ಅದಕ್ಕೇ ಹೊರಗೆ ನೀಲಿ, ಒಳಗೆ ಬೆಳ್ಳಗೆ. ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ಅದು ಬೇರೆ ಬಟ್ಟೆಗೆ ಬಣ್ಣ ಹಾಕಿದ್ದು, ಇಲ್ಲವೇ ಹೊಲಿದ ಮೇಲೆ ಅದ್ದಿದ್ದು. ಕೆಟ್ಟದ್ದು ಅಂತಲ್ಲ, ಆದರೆ ಜೀನ್ಸಿನ ರೇಟು ಕೊಡಬೇಡ.

ಬ್ಯಾಗಿ ತಗೊಳ್ಳುವುದಾದರೆ ಪೂರ್ತಿ ಹತ್ತಿಯದ್ದೇ ತಗೋ. ಲೈಕ್ರಾ, ಅಂದರೆ ಎಳೆದರೆ ಹಿಗ್ಗುವ ಎಳೆ, ಇರುವ ಬಟ್ಟೆ ಬಿಗಿ ಪ್ಯಾಂಟಿಗೆ ಸರಿ, ಸಡಿಲ ಪ್ಯಾಂಟಿಗೆ ಹಾಕಿದರೆ ನಾಲ್ಕು ಸಲ ಕೂತೆದ್ದ ಮೇಲೆ ಮಂಡಿ ಹತ್ತಿರ ಜೋಳಿಗೆ ಆಗುತ್ತದೆ. ಒಳಗಿನ ಲೇಬಲ್ಲಿನಲ್ಲಿ ಬರೆದಿರುತ್ತದೆ. ಲೇಬಲ್ ಇಲ್ಲದಿದ್ದರೆ ಅಡ್ಡಕ್ಕೆ ಎಳೆದು ನೋಡು, ರಬ್ಬರಿನ ಹಾಗೆ ವಾಪಸ್ ಹೋದರೆ ಲೈಕ್ರಾ ಇದೆ.

ಮಸುಕು ಮಾಡಿದ್ದು, ತೊಡೆ ಮೇಲೆ ಬಿಳಿ ಗೀರು ಇರುವುದು, ಅಲ್ಲಲ್ಲಿ ಕೆರೆದದ್ದು ಬೇಡವೇ ಬೇಡ. ಆ ಗೀರು ತಾನಾಗಿ ಬಂದದ್ದಲ್ಲ, ಯಾರೋ ಕೂತು ಸ್ಯಾಂಡ್ ಪೇಪರ್ ಉಜ್ಜಿರುತ್ತಾರೆ, ಮೇಲೆ ಕೆಮಿಕಲ್ ಹೊಡೆದಿರುತ್ತಾರೆ. ಕಲ್ಲು ಹಾಕಿ ತಿರುಗಿಸುವ ವಾಷ್ ಇದೆ, ಎಂಜೈಮ್ ವಾಷ್ ಇದೆ, ಬ್ಲೀಚ್ ಇದೆ. ಎಷ್ಟು ಮಸುಕು ಮಾಡಿದರೋ ಬಟ್ಟೆಯ ಆಯುಷ್ಯ ಅಷ್ಟು ಕಡಿಮೆ. ಕೆರೆಯುವವರ ಮೂಗಿಗೂ ಆ ಧೂಳೇ, ಅದು ಬೇರೆ ವಿಷಯ. ಕಡುನೀಲಿಯದ್ದು ತಗೋ, ನೀನು ಹಾಕಿದ ಹಾಗೆ ಅದೇ ಮಸುಕಾಗುತ್ತದೆ. ಕಾಲೇಜಿನ ನಿಯಮಕ್ಕೂ ಅಡ್ಡಿ ಇಲ್ಲ.

ಪ್ಯಾಂಟನ್ನು ಸೊಂಟದಲ್ಲಿ ಹಿಡಿದು ನೇತುಹಾಕಿ ನೋಡು. ಪಕ್ಕದ ಹೊಲಿಗೆ ಮೇಲಿಂದ ಕೆಳಗೆ ನೇರ ಇಳಿಯಬೇಕು. ಅದು ಮಂಡಿಯ ಕೆಳಗೆ ಮುಂದಕ್ಕೆ ತಿರುಗಿ ಬಂದರೆ ಬಟ್ಟೆ ತಿರುಚಿಕೊಂಡಿದೆ ಅಂತ ಅರ್ಥ. ಯಾವ ಟೈಲರೂ ಅದನ್ನು ಸರಿ ಮಾಡಲಾರ. ಸರ್‌ಪ್ಲಸ್ ಅಂಗಡಿಗಳಲ್ಲಿ (ರಫ್ತಿಗೆ ಹೊಲಿದು ಉಳಿದ ಮಾಲು ಮಾರುವಲ್ಲಿ) ಅಗ್ಗಕ್ಕೆ ಸಿಗುವುದರಲ್ಲಿ ಈ ದೋಷ ಜಾಸ್ತಿ. ಜಿಪ್ಪನ್ನು ಹತ್ತು ಸಲ ಎಳೆ, ಅಂಗಡಿಯವನು ಗುರ್ ಅನ್ನಲಿ.

ಬಣ್ಣ ಬಿಡುತ್ತದೆ ಅಂತ ಉಪ್ಪುನೀರಿನಲ್ಲಿ ನೆನೆಸಬೇಡ. ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಜೀನ್ಸಿನ ನೀಲಿ ಬಣ್ಣ ಇಂಡಿಗೋ, ಅದಕ್ಕೆ ಉಪ್ಪಿನಿಂದ ಏನೂ ಆಗುವುದಿಲ್ಲ. ಆ ಬಣ್ಣ ಎಳೆಯ ಒಳಗೆ ಪೂರ್ತಿ ಇಳಿದಿರುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ, ಉಜ್ಜಿದ ಹಾಗೆ ಉದುರುತ್ತದೆ. ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ಬೇರೆಯಾಗಿ ಒಗೆ, ಬ್ರಷ್ ಹಾಕಬೇಡ. ಹೊಸದು ಹಾಕಿಕೊಂಡು ಯಾರ ಬಿಳಿ ಹಾಸಿಗೆ ಮೇಲೂ ಕೂರಬೇಡ ಮತ್ತೆ!

ರಜೆಗೆ ಊರಿಗೆ ಬಂದಾಗ ಕೊಪ್ಪಳದಿಂದ ಬಳ್ಳಾರಿಗೆ ರೈಲು ಹತ್ತಿದರೆ ಆಯಿತು. ಎರಡನೇ ಜೀನ್ಸು ಆಗ ನೋಡಿಕೊಳ್ಳೋಣ. ಈಗ ಒಂದು ಸಾಕು.


ಮೂರನೇ_ಬೆಂಚು:

ಎಲ್ಲರೂ ಏನು ಕೊಳ್ಳಬೇಕು ಅಂತ ಹೇಳುತ್ತಿದ್ದೀರಿ. ಯಾಕೆ ಕೊಳ್ಳಬೇಕು ಅಂತ ಯಾರೂ ಕೇಳುತ್ತಿಲ್ಲ. ನಾಲ್ಕು ಜನ ತಮಾಷೆ ಮಾಡಿದರು ಅಂತ ಅಪ್ಪನ ಭತ್ತದ ದುಡ್ಡು ಬಟ್ಟೆಗೆ ಸುರಿಯಬೇಕಾ? ಇವತ್ತು ಬ್ಯಾಗಿ, ನಾಳೆ ಮತ್ತೊಂದು. ನಾನು ಪೂರ್ತಿ ಡಿಗ್ರಿಯನ್ನು ಎರಡು ಪ್ಯಾಂಟಿನಲ್ಲಿ ಮುಗಿಸಿದವನು, ಏನೂ ಆಗಲಿಲ್ಲ. ಓದಿಕೋ, ಕೆಲಸ ಸಿಕ್ಕ ಮೇಲೆ ಬೇಕಾದ್ದು ಹಾಕಿಕೋ.


ಟೈಲರ್_ಮಗಳು:

@ಮೂರನೇ_ಬೆಂಚು ಹುಡುಗ 30,000 ಕೇಳಿಲ್ಲ ಸರ್, ಅಪ್ಪ ತಾವಾಗೇ ಕೊಡುತ್ತೇನೆ ಅಂದ 3000ವನ್ನು ಹಾಳು ಮಾಡದೆ ಹೇಗೆ ಬಳಸಲಿ ಅಂತ ಕೇಳಿದ್ದಾನೆ. 18 ವರ್ಷಕ್ಕೆ ಚೆನ್ನಾಗಿ ಕಾಣಬೇಕು ಅನ್ನಿಸದಿದ್ದರೆ ಇನ್ನು ಯಾವಾಗ ಅನ್ನಿಸಬೇಕು? ಎರಡು ಪ್ಯಾಂಟಿನಲ್ಲಿ ಡಿಗ್ರಿ ಮುಗಿಸಿದ್ದು ದೊಡ್ಡದೇ, ಆದರೆ ಆ ಎರಡು ಪ್ಯಾಂಟು ನಿಮಗೆ ಸರಿಯಾಗಿ ಕೂರುತ್ತಿದ್ದವು ಅಂತ ನನ್ನ ಗ್ಯಾರಂಟಿ. ಇಲ್ಲದಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ.


ಸ್ಟಾಫ್_ರೂಮ್:

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುವವನು. ‘ಲೆಕ್ಚರರ್ ಥರ ಕಾಣುತ್ತೀಯ’ ಅನ್ನುವುದು ಬೈಗುಳ ಆಗಿದೆ ಅಂತ ಇವತ್ತು ಗೊತ್ತಾಯಿತು, ಸಂತೋಷ.

ಒಂದೆರಡು ಮಾತು. ನಾವು ಓದುವಾಗ, 90ರ ದಶಕದಲ್ಲಿ, ಪ್ಲೀಟ್ಸ್ ಇರುವ ಬ್ಯಾಗಿ ಪ್ಯಾಂಟೇ ಹೀರೋಗಳ ಪ್ಯಾಂಟು. ಆಮೇಲೆ ಸೊಂಟದಿಂದ ಜಾರುವ ಲೋ ವೇಸ್ಟ್ ಬಂತು. ನಂತರ ಪೆನ್ಸಿಲ್ ಜೀನ್ಸು, ಹುಡುಗರು ಬೆಂಚಿನ ಮೇಲೆ ಕೂರಲು ಒದ್ದಾಡುತ್ತಿದ್ದರು. ಈಗ ಮತ್ತೆ ದೊಗಳೆ. ನನ್ನ ಬೀರುವಿನಲ್ಲಿದ್ದ ಹಳೆ ಪ್ಯಾಂಟನ್ನು ಮಗ ಕೇಳಿ ಇಸಕೊಂಡು ಹೋದ, ‘ವಿಂಟೇಜ್’ ಅಂತೆ.

ಇನ್ನೊಂದು, ಫೈನಲ್ ಇಯರ್‌ನಲ್ಲಿ ಪ್ಲೇಸ್‌ಮೆಂಟ್ ಬಂದಾಗ ನೋಡಬೇಕು. ಮೂರು ವರ್ಷ ಟೀ ಶರ್ಟಿನಲ್ಲಿ ಓಡಾಡಿದವರು ಒಂದು ಫಾರ್ಮಲ್ ಪ್ಯಾಂಟಿಗಾಗಿ ರೂಮು ರೂಮು ತಿರುಗುತ್ತಾರೆ. ಸೊಂಟ ದೊಡ್ಡದಾದ ಪ್ಯಾಂಟಿಗೆ ಹಿಂದೆ ಪಿನ್ ಹಾಕಿಕೊಂಡು ಇಂಟರ್ವ್ಯೂಗೆ ಬಂದವರೂ ಇದ್ದಾರೆ, ಕೂತಾಗ ಚುಚ್ಚಿ ಮುಖ ಕಿವುಚಿಕೊಂಡರೆ ಪ್ಯಾನೆಲ್‌ನವರು ಪ್ರಶ್ನೆ ಕಷ್ಟ ಆಯಿತೇನೋ ಅಂದುಕೊಳ್ಳುತ್ತಾರೆ. ನಿನ್ನ ಬೂದು ಪ್ಯಾಂಟು ಆವತ್ತು ಹಾಸ್ಟೆಲ್ಲಿನಲ್ಲಿ ಬಾಡಿಗೆಗೆ ಹೋಗಬಹುದು, ಜೋಪಾನ.


ತುಂಗಭದ್ರಾ_ದಂಡೆ:

ಅಕ್ಕಾ, ಒಳಮಡಿಕೆ ತಿರುಗಿಸಿ ನೋಡಿದೆ. ನಿಜವಾಗಲೂ ಎರಡು ಇಂಚಿನ ಮೇಲೇ ಇದೆ! ಗೆರೆ ಇಸ್ತ್ರಿ ಹಾಕುತ್ತಿದ್ದುದೂ ಹೌದು, ಅದನ್ನು ಹೇಗೆ ಕಂಡುಹಿಡಿದಿರಿ? ಜೇಬಿನಲ್ಲಿ ಪೆನ್ನೂ ಇದೆ.

ಬಳ್ಳಾರಿ ಅಣ್ಣ, ಹಾಸ್ಟೆಲ್‌ನಲ್ಲಿ ಬಕೆಟ್ ಒಗೆತ, ಟೆರೇಸಿನಲ್ಲಿ ಜಾಗಕ್ಕೆ ಜಗಳ. ಮಳೆ ಬಂದರೆ ಜೀನ್ಸು ಒಣಗುವುದೇ ಇಲ್ಲ, ವಾಸನೆ ಬರುತ್ತದೆ ಅಂತ ರೂಮ್‌ಮೇಟ್ ಹೇಳುತ್ತಾನೆ. ಅದಕ್ಕೇನಾದರೂ ದಾರಿ ಇದೆಯಾ? ಟೀ ಶರ್ಟು ಹೇಗೆ ನೋಡುವುದು? ಎಲ್ಲ ಒಂದೇ ಥರ ಕಾಣುತ್ತವೆ, ರೇಟು ಮಾತ್ರ 150ರಿಂದ 900ರವರೆಗೆ.


ಕೌಲ್_ಬಜಾರ್:

ಜೀನ್ಸನ್ನು ಪ್ರತಿ ಸಲ ಒಗೆಯಬೇಡ. ಹಾಕಿ ಬಿಚ್ಚಿದ ಮೇಲೆ ಗಾಳಿಗೆ ಹಾಕು, ಕೊಳೆಯಾದಾಗ ಮಾತ್ರ ಒಗೆ. ಒಗೆದ ಮೇಲೆ ಹಿಂಡಿ, ದೊಡ್ಡ ಟವೆಲ್ಲಿನಲ್ಲಿ ಸುತ್ತಿ ಮೇಲೆ ಹತ್ತಿ ತುಳಿ, ಅರ್ಧ ನೀರು ಅಲ್ಲೇ ಹೋಗುತ್ತದೆ. ಹಗ್ಗದ ಮೇಲೆ ಮಡಚಿ ಹಾಕಬೇಡ. ಒಳಮಗ್ಗುಲು ಹೊರಗೆ ಮಾಡಿ, ಸೊಂಟದ ಎರಡು ಕಡೆಗೆ ಕ್ಲಿಪ್ ಹಾಕಿ ಬಾಯಿ ತೆರೆದ ಚೀಲದ ಹಾಗೆ ನೇತುಹಾಕು, ಒಳಗೆ ಗಾಳಿ ಆಡಬೇಕು. ಜೇಬು ಹೊರಗೆ ಎಳೆದಿರು, ತಡವಾಗಿ ಒಣಗುವುದೇ ಅದು, ವಾಸನೆ ಶುರುವಾಗುವುದೂ ಅಲ್ಲೇ.

ಟೀ ಶರ್ಟಿಗೆ ಜಿಎಸ್‌ಎಂ ನೋಡು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಸಾಮಾನ್ಯ ಟೀ ಶರ್ಟು 180 ಇದ್ದರೆ ಸಾಕು. ನಿನ್ನ ಗೆಳೆಯರು ಹಾಕುವ ಓವರ್‌ಸೈಜ್ ಟೀ ಶರ್ಟು ಜೋತು ಬೀಳದೆ ನಿಲ್ಲಬೇಕಾದರೆ 220, 240 ಬೇಕು. 150 ರೂಪಾಯಿಯದ್ದರೊಳಗೆ ಕೈ ಹಾಕಿ ಬೆಳಕಿಗೆ ಹಿಡಿ, ಬೆರಳು ಕಾಣಿಸಿದರೆ ಅಲ್ಲೇ ಇಟ್ಟು ಬಾ. ಕತ್ತಿನ ಪಟ್ಟಿ ಎಳೆದು ಬಿಡು, ವಾಪಸ್ ಸೇರಿದರೆ ಒಳ್ಳೆಯದು. ಬರಹ ಇರುವುದು ಬೇಡ. ಒಂದೇ ಬಣ್ಣದ್ದು ತಗೊಂಡರೆ ಯಾವ ಶರ್ಟಿನ ಒಳಗಾದರೂ ನಡೆಯುತ್ತದೆ, ಮೊನ್ನೆ ಹಾಕಿದ್ದೇ ಇವತ್ತೂ ಹಾಕಿದ್ದಾನೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ತಮಿಳುನಾಡಿನ ತಿರುಪ್ಪೂರು ಟೀ ಶರ್ಟಿಗೆ ಹೆಸರಾದ ಊರು, ಅಲ್ಲಿನ ಮಾಲು ಬೆಂಗಳೂರಿನಲ್ಲಿ ಎಲ್ಲ ಕಡೆ ಸಿಗುತ್ತದೆ.

ಅಂಗಡಿ ಅಂದರೆ ಮೊದಲು ಚಿಕ್ಕಪೇಟೆ ಕಡೆ ಹೋಗು, ಮೆಟ್ರೋ ಹಸಿರು ಲೈನಿನಲ್ಲಿ ಸ್ಟೇಷನ್ನೇ ಇದೆ. ಜಯನಗರ ನಾಲ್ಕನೇ ಬ್ಲಾಕು, ಮಲ್ಲೇಶ್ವರಂ ಎಂಟನೇ ಕ್ರಾಸು ಕೂಡ ಆಗುತ್ತದೆ. ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ಮೊದಲ ರೇಟಿಗೆ ತಲೆ ಆಡಿಸಬೇಡ. ಆನ್‌ಲೈನಿನಲ್ಲಿ ಮೊದಲ ಜೀನ್ಸು ಮಾತ್ರ ತಗೊಳ್ಳಬೇಡ. 32 ಅಂದರೆ ಒಂದೊಂದು ಕಂಪನಿಗೆ ಒಂದೊಂದು ಅಳತೆ. ಹಾಕಿ, ಕೂತು, ಮೆಟ್ಟಿಲು ಹತ್ತಿ ನೋಡಿ ತಗೋ.


ಇಳಕಲ್_ದಾರ:

ಎಥ್ನಿಕ್ ಡೇ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಕೊಪ್ಪಳದ ಹುಡುಗ ಬೆಂಗಳೂರಿನಲ್ಲಿ ಶೇರ್ವಾನಿ ಬಾಡಿಗೆಗೆ ತರುತ್ತಾನೆ ಅಂದರೆ ನಮಗೆಲ್ಲ ಹೊಟ್ಟೆ ಉರಿಯುತ್ತದೆ ನೋಡಪ್ಪ. ಕುಷ್ಟಗಿ ದಾಟಿದರೆ ಇಳಕಲ್, ಅಲ್ಲಿಂದ ಆಚೆ ಗುಳೇದಗುಡ್ಡ. ನಿನ್ನ ಸುತ್ತ ಮಗ್ಗದ ಊರುಗಳೇ ಇವೆ.

ಅಪ್ಪನ ಅಥವಾ ಅಜ್ಜನ ಬಿಳಿ ಧೋತರ, ನೆಹರು ಶರ್ಟು ಇದ್ದೇ ಇರುತ್ತದೆ. ಶರ್ಟು ಭುಜಕ್ಕೆ ಸರಿಯಾಗಿದ್ದರೆ ಸಾಕು, ಉಳಿದದ್ದು ದೊಗಳೆ ಇದ್ದರೂ ಚೆಂದ. ಧೋತರ ಉಡುವುದನ್ನು ಊರಿಗೆ ಹೋದಾಗ ಅಜ್ಜನಿಂದಲೇ ಕಲಿತು ಬಾ, ವಿಡಿಯೋ ನೋಡಿ ಕಲಿತರೆ ಕಚ್ಚೆ ನಿಲ್ಲುವುದಿಲ್ಲ. ಸ್ಟೇಜ್ ಹತ್ತಬೇಕಾದರೆ ಒಳಗೆ ಶಾರ್ಟ್ಸ್ ಹಾಕಿಕೋ, ಸೊಂಟಕ್ಕೆ ತೆಳ್ಳನೆ ಬೆಲ್ಟ್ ಬಿಗಿ. ತಲೆಗೆ ರುಮಾಲು ಸುತ್ತುತ್ತೀಯ ಅಂದರೆ ಸುತ್ತು, ಬಿಟ್ಟರೂ ನಡೆಯುತ್ತದೆ.

ಸ್ವಲ್ಪ ಖರ್ಚು ಮಾಡುವುದಾದರೆ ಗುಳೇದಗುಡ್ಡದ ಖಣದಲ್ಲಿ ಒಂದು ವೇಸ್ಟ್‌ಕೋಟ್ ಹೊಲಿಸು. ಖಣ ಅಂದರೆ ಕುಪ್ಪಸದ ಬಟ್ಟೆ ಅಂತ ಅವ್ವಂದಿರು ನಗಬಹುದು, ನಗಲಿ. ತೇರು, ಆನೆ ಹೆಜ್ಜೆ, ಇಂಥ ಬುಟ್ಟಿಗಳು (ಚಿತ್ತಾರಗಳು) ಬಟ್ಟೆ ತುಂಬ ನೇಯ್ದಿರುತ್ತವೆ. ಆ ಹೊಳಪು ಬಿಳಿ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಎರಡು ಎಚ್ಚರಿಕೆ. ಖಣದ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ, ಶರ್ಟಿನ ಬಟ್ಟೆಯ ಲೆಕ್ಕದಲ್ಲಿ ತಂದರೆ ಸಾಲುವುದಿಲ್ಲ, ಟೈಲರನ್ನು ಕೇಳಿಕೊಂಡೇ ತಗೋ. ಮತ್ತೆ ಒಳಗೆ ಲೈನಿಂಗ್ ಹಾಕಿಸಲೇಬೇಕು. ಹಿಂದಿನ ಮಗ್ಗುಲಲ್ಲಿ ಎಳೆ ತೇಲುತ್ತಿರುತ್ತವೆ, ಉಂಗುರಕ್ಕೆ, ಗುಂಡಿಗೆ ಸಿಕ್ಕಿ ಕಿತ್ತು ಬರುತ್ತವೆ.

ಹುಡುಗಿಯರು ಓದುತ್ತಿದ್ದರೆ ಒಂದು ಮಾತು. ಅಜ್ಜಿಯ ಇಳಕಲ್ ಸೀರೆಯನ್ನು ಕತ್ತರಿಸಿ ಕುರ್ತಾ ಮಾಡಿಸುವ ಮುಂಚೆ ಸೆರಗು ನೋಡಿ. ಸೀರೆಯ ಮೈಗೂ ಸೆರಗಿಗೂ ಬೇರೆ ಬೇರೆ ಹಾಸು (ಮಗ್ಗದ ಉದ್ದದ ಎಳೆ) ಇರುತ್ತದೆ, ಎರಡರ ಎಳೆ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ತೋಪ ತೆನಿ ಸೆರಗು ಅನ್ನುವುದು ಅದನ್ನೇ. ಸೆರಗು ಗಟ್ಟಿ ಇದ್ದರೆ ಕತ್ತರಿ ಹಾಕಬೇಡಿ, ಉಡಿ. ಮೈ ಹರಿದಿದ್ದರೆ ಸೆರಗಿನ ಭಾಗ ಉಳಿಸಿಕೊಂಡು ದುಪಟ್ಟಾ ಮಾಡಿಕೊಳ್ಳಿ. ‘ಕಸೂತಿ ಕುರ್ತಾ’ ಅಂತ ಆನ್‌ಲೈನಿನಲ್ಲಿ ಬರುವುದನ್ನು ತಿರುಗಿಸಿ ನೋಡಿ. ಕೈಯಲ್ಲಿ ಹಾಕಿದ ಗವಂತಿ, ಮುರ್ಗಿ ಹೊಲಿಗೆ ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ, ಗಂಟು ಇರುವುದಿಲ್ಲ. ಹಿಂದೆ ದಾರದ ಜೊಂಪೆ ಇದ್ದರೆ ಅದು ಮೆಷಿನ್ನು.


ಬಜ್ಪೆ_ಬಸ್:

ಹುಡುಗರದ್ದು ಎಷ್ಟು ಸುಖ ಅಲ್ವಾ? ಒಂದು ಕಪ್ಪು ಟೀ ಶರ್ಟು ವಾರಕ್ಕೆ ಮೂರು ಸಲ ಹಾಕಿದರೂ ಯಾರೂ ಕೇಳುವುದಿಲ್ಲ. ನಾವು ಒಂದು ಕುರ್ತಿ ಒಂದೇ ವಾರದಲ್ಲಿ ಎರಡು ಸಲ ಹಾಕಿದರೆ ‘ಇದು ನಿನ್ನ ಫೇವರಿಟ್ಟಾ ಮಾರಾಯ್ತಿ’ ಅಂತಾರೆ, ಅದೂ ಹುಡುಗಿಯರೇ. ನಾನು ಕಪ್ಪು, ಬಿಳಿ ಲೆಗಿಂಗ್ಸ್ ಬಿಟ್ಟು ಎರಡು ಸಡಿಲ ಪಲಾಝೋ ತಗೊಂಡೆ, ದುಪಟ್ಟಾ ಅದಲು ಬದಲು ಮಾಡುತ್ತೇನೆ, ಹಾಸ್ಟೆಲ್ ಹುಡುಗಿಯರ ನಡುವೆ ಕುರ್ತಿ ಎಕ್ಸ್‌ಚೇಂಜ್ ನಡೆಯುತ್ತಾ ಇರುತ್ತದೆ. ಇಳಕಲ್ ಸೀರೆಗೆ ಬಿಳಿ ಶರ್ಟನ್ನೇ ಬ್ಲೌಸ್ ಥರ ಹಾಕಿ ಉಟ್ಟರೆ ಹೇಗೆ? ಎಥ್ನಿಕ್ ಡೇಗೆ ಬ್ಲೌಸ್ ಹೊಲಿಸಲು ಟೈಮೂ ಇಲ್ಲ, ದುಡ್ಡೂ ಇಲ್ಲ.


ಇಳಕಲ್_ದಾರ:

@ಬಜ್ಪೆ_ಬಸ್ ಚೆನ್ನಾಗಿರುತ್ತದೆ. ಶರ್ಟಿನ ಕೆಳಭಾಗ ಒಳಗೆ ಸೇರಿಸಿ, ಸೆರಗನ್ನು ಮಡಿಕೆ ಮಾಡದೆ ಹಾಗೇ ಹರಡಿ ಬಿಡಿ, ಕೆಂಪು ಸೆರಗಿನ ಬಿಳಿ ಗೋಪುರದ ಚಿತ್ತಾರ ಕಾಣಬೇಕು. ಮಡಿಕೆ ಹಾಕಿ ಪಿನ್ ಮಾಡಿದರೆ ಯಾವ ಸೀರೆ ಅಂತಲೇ ಗೊತ್ತಾಗುವುದಿಲ್ಲ.


ತುಂಗಭದ್ರಾ_ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಲೆಕ್ಕ ಹಾಕಿದ್ದೇನೆ, ನೋಡಿ ಹೇಳಿ. ಕಡುನೀಲಿ ಜೀನ್ಸು ಒಂದು, 700. ಬಿಳಿ, ಕಪ್ಪು, ಗಾಢ ಹಸಿರು ಟೀ ಶರ್ಟು, ಮೂರೂ ಸೇರಿ 1000. ಶೂ 900. ಪ್ಯಾಂಟುಗಳ ಉದ್ದ ಬಿಡಿಸಲು 200. ಉಳಿದ 200 ಸದ್ಯಕ್ಕೆ ಕೈಯಲ್ಲಿ. ಎಥ್ನಿಕ್ ಡೇಗೆ ಅಜ್ಜನ ಧೋತರ, ಫೋನ್ ಮಾಡಿದೆ, ‘ಇಸ್ತ್ರಿ ಮಾಡಿಸಿ ಇಡ್ತೀನಿ ಬಾ’ ಅಂದರು. ಖಣದ ವೇಸ್ಟ್‌ಕೋಟ್ ದೀಪಾವಳಿಗೆ ಊರಿಗೆ ಹೋದಾಗ ನಮ್ಮ ಟೈಲರ್ ಕಾಕಾ ಹತ್ತಿರವೇ ಹೊಲಿಸುತ್ತೇನೆ. ಬಿಳಿ ಶೂ ತಗೊಳ್ಳಲಾ, ಬೇರೆ ಬಣ್ಣದ್ದಾ?


ಟೈಲರ್_ಮಗಳು:

ಬೂದು ಅಥವಾ ಕಪ್ಪು ತಗೋ. ಬೆಂಗಳೂರಿನ ಮಳೆಗೆ, ಬಿಎಂಟಿಸಿ ಬಸ್ಸಿನ ನೂಕುನುಗ್ಗಲಿಗೆ ಬಿಳಿ ಶೂ ಒಂದು ವಾರವೂ ಬಿಳಿ ಇರುವುದಿಲ್ಲ. ಸೋಮವಾರದ ಫಾರ್ಮಲ್ಸ್‌ಗೂ ಪೂರ್ತಿ ಕಪ್ಪು ಆದರೆ ನಡೆದುಹೋಗುತ್ತದೆ, ಅಡಿಭಾಗ ಕೂಡ ಕಪ್ಪೇ ಇರಲಿ.

ಮತ್ತೆ ಲೆಕ್ಕದಲ್ಲಿ ಒಂದು ಬದಲಾವಣೆ. ಶೂ ಮೊದಲು ತಗೋ, ಅದು ಬಂದ ಮೇಲೆ ಅದನ್ನು ಹಾಕಿಕೊಂಡು ಆಲ್ಟರೇಶನ್‌ಗೆ ಹೋಗು. ಮೂರೂ ಪ್ಯಾಂಟು ಒಟ್ಟಿಗೆ ಕೊಡಬೇಡ. ಒಂದು ಕೊಟ್ಟು, ಹಾಕಿ ಓಡಾಡಿ ನೋಡಿ, ಸರಿ ಅನ್ನಿಸಿದರೆ ಅದನ್ನೇ ಅಳತೆಗೆ ಕೊಟ್ಟು ಉಳಿದ ಎರಡು ಮಾಡಿಸು. ಹಳೆ ಮಡಿಕೆ ಇದ್ದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ವಿನೆಗರ್ ಅದ್ದಿದ ಬಟ್ಟೆ ಇಟ್ಟು ಇಸ್ತ್ರಿ ಮಾಡಿಕೊಡಿ ಅಂತ ಅವರಿಗೇ ಹೇಳು.